ಬಲಗಾಲಿನ ಜೋಮು

ಮೊದಲೇ ಒಂದು ಮಾತು. ಬರೆದದ್ದು ಯಾರಿಗೂ ಬರುವುದಿಲ್ಲ. ನಮ್ಮ ಕಡೆಯ ಶಾಲೆಗಳ ಮಣೆಯ ಮೇಲೆ ಕೂತು, ಬಾಗಿಲು ಮುಚ್ಚಿ, ಬಾಯಿಬಿಟ್ಟು ಹೇಳಿದ್ದಷ್ಟೇ ಬರುತ್ತದೆ. ಹಾಗಾಗಿ ಇದನ್ನು ಓದುವವರು ಹೆದರಬೇಕಾಗಿಲ್ಲ. ನನ್ನ ಬೆನ್ನುನೋವು ನನ್ನಲ್ಲೇ ಉಳಿಯುತ್ತದೆ, ನಿಮ್ಮದು ನಿಮ್ಮಲ್ಲೇ. ಆ ಧೈರ್ಯದಿಂದಲೇ ಬರೆಯಲು ಕೂತಿದ್ದೇನೆ. ಇಲ್ಲದಿದ್ದರೆ ಈ ವಯಸ್ಸಿನಲ್ಲಿ ಇನ್ನೊಬ್ಬರ ತಲೆಗೆ ಭಾರ ಹೊರಿಸುವ ಮನಸ್ಸು ನನಗಿಲ್ಲ.

ನನ್ನ ಹೆಸರು ಇಂದುಮತಿ. ಹೆಂಚಿನ ಭಟ್ಟಿಯ ಹಿಂದಿರುವ ಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ಏಳನೇ ಇಯತ್ತೆಗೆ ಪಾಠ ಹೇಳಿದವಳು. ಊರಿಗೆಲ್ಲ ನಾನು ಅಕ್ಕೋರು. ನಮ್ಮಲ್ಲೂ ಎಲ್ಲ ಕಡೆಯಂತೆ ಮಗ್ಗಿ ಇದೆ, ಭೂಗೋಳ ಇದೆ, ಫೇಲಾಗುವವರೂ ಇದ್ದಾರೆ. ಆದರೆ ಬೆಳಗಿನ ಮೊದಲ ಪೀರಿಯಡ್ಡು ಮಣೆಯದು. ಪ್ರಾರ್ಥನೆ ಮುಗಿದ ಮೇಲೆ ಪಾಳಿ ಇದ್ದ ಮಗು ಮುಂದೆ ಬಂದು ಮಣೆಯ ಮೇಲೆ ಕೂತು ತನಗೆ ಆದ ಒಂದು ಸಂಗತಿಯನ್ನು ಮೊದಲಿಂದ ಕೊನೆಯವರೆಗೆ ಹೇಳುತ್ತದೆ. ಹೇಳಿ ಮುಗಿಸಿದಾಗ ಅದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಆಗಿರುತ್ತದೆ. ನಾಯಿ ಕಚ್ಚಿದ್ದನ್ನು ಒಬ್ಬಳು ಹೇಳಿದರೆ ಮೂವತ್ತು ಮಕ್ಕಳು ಮೀನಖಂಡ ಉಜ್ಜಿಕೊಳ್ಳುತ್ತವೆ. ಹೀಗಾಗಿ ನಮ್ಮೂರಲ್ಲಿ ಒಂದು ತರಗತಿಗೆ ಒಂದು ಸಲ ನಾಯಿ ಕಚ್ಚಿದರೆ ಸಾಕು, ಒಬ್ಬರು ಭಟ್ಟಿಯ ಬಾಗಿಲಿಗೆ ಕೈ ತಗುಲಿಸಿ ಸುಟ್ಟುಕೊಂಡರೆ ಸಾಕು, ಮಿಕ್ಕವರು ಜನ್ಮಪೂರ್ತಿ ದೂರ ನಿಲ್ಲುತ್ತಾರೆ. ಮಕ್ಕಳನ್ನು ಸೇರಿಸಲು ಬಂದ ತಾಯಂದಿರು ಮೆಲ್ಲಗೆ ಕೇಳುತ್ತಿದ್ದರು, ಈ ಸಲದ ಸುಡೋದು ಯಾರಿಗಾದರೂ ಆಗಿದೆಯೇ ಅಂತ. ಆಗಿದೆ ಅಂದರೆ ನಿಶ್ಚಿಂತರಾಗಿ ಮನೆಗೆ ಹೋಗುತ್ತಿದ್ದರು.

ಒಂದು ಸಂಗತಿ ಬರುವುದು ಒಂದೇ ಸಲ, ಅದೂ ಯಾರಿಗೆ ಆಗಿತ್ತೋ ಅವರ ಬಾಯಿಂದಲೇ. ಇನ್ನೊಬ್ಬರಿಂದ ಬಂದದ್ದನ್ನು ನೀವು ತಿರುಗಿ ಹೇಳಿದರೆ ಅದು ಬರಿಯ ಮಾತು, ಮಕ್ಕಳು ಆಕಳಿಸುತ್ತವೆ. ಸುಳ್ಳೂ ಹಾಗೆಯೇ. ನಾನು ಓದುವಾಗ ಒಬ್ಬ ಹುಡುಗ ಚಿರತೆ ನೋಡಿದೆನೆಂದು ಒಂದು ತಾಸು ಹೇಳಿದ. ಯಾರ ಮೈಯಲ್ಲೂ ಒಂದು ಕೂದಲು ನಿಮಿರಲಿಲ್ಲ. ಅವನಿಗೆ ಈಗ ಮೊಮ್ಮಕ್ಕಳಿದ್ದಾರೆ, ಸ್ವಂತದ ಹಿಟ್ಟಿನ ಗಿರಣಿ ಇದೆ, ಊರು ಅವನನ್ನು ಕರೆಯುವುದು ಮಾತ್ರ ಈಗಲೂ ಚಿರತೆ ಅಂತಲೇ.

ಹೇಳಿದ ಮೇಲೆ ಅದು ಹೇಳಿದವರಲ್ಲೂ ಉಳಿಯುತ್ತದೆ, ಕಳೆದುಹೋಗುವುದಿಲ್ಲ. ಆದರೆ ನನ್ನದು ಅನ್ನುವ ಹಾಗೆ ಉಳಿಯುವುದಿಲ್ಲ. ನಾನು ಏಳರಲ್ಲಿದ್ದಾಗ ಅಪ್ಪನ ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂತು ಇಳಿಜಾರಿನಲ್ಲಿ ಬಂದದ್ದನ್ನು ಹೇಳಿದ್ದೆ. ನನ್ನ ಜೊತೆ ಓದಿದ ಟೇಲರ್ ವಿರೂಪಾಕ್ಷಿ ಇವತ್ತಿಗೂ ಚಹಾದಂಗಡಿಯಲ್ಲಿ ಅದನ್ನು ಹೇಳುತ್ತಾನೆ, ತನ್ನ ಅಪ್ಪನ ಬೆವರಿನ ವಾಸನೆ, ತನ್ನ ಕಿವಿಯ ಹತ್ತಿರ ಅಪ್ಪನ ಗಡ್ಡ ಅಂತ. ಅವನು ಸುಳ್ಳು ಹೇಳುತ್ತಿಲ್ಲ, ಅದು ಅವನಿಗೂ ಆಗಿದೆ. ಅಷ್ಟೇ ಅಲ್ಲ, ನನಗಿಂತ ಚೆನ್ನಾಗಿ ಹೇಳುತ್ತಾನೆ. ಎಷ್ಟು ಚೆನ್ನಾಗಿ ಅಂದರೆ ಈಗ ನಾನು ಆ ಇಳಿಜಾರನ್ನು ನೆನೆಸಿಕೊಂಡರೆ ಸೈಕಲ್ ಹೊಡೆಯುತ್ತಿರುವವರು ವಿರೂಪಾಕ್ಷಿಯ ಅಪ್ಪ.

ಮಕ್ಕಳಿಗೆ ಇದು ನಡೆಯುತ್ತದೆ. ಏಳು ವರ್ಷ ಕೂತು, ಒಬ್ಬರದೊಬ್ಬರು ತೆಗೆದುಕೊಂಡು, ಎದ್ದು ಹೋಗುತ್ತಾರೆ. ಎದ್ದು ಹೋಗದವಳು ಅಕ್ಕೋರು. ಬಾಗಿಲು ಮುಚ್ಚಿದ ಕೋಣೆಯಲ್ಲಿ ಮೂವತ್ತನಾಲ್ಕು ವರ್ಷ ನಾನು ಪ್ರತಿಯೊಂದನ್ನೂ ಕೇಳಿದೆ. ನನಗೆ ಎಷ್ಟು ನಾಯಿ ಕಚ್ಚಿವೆ, ಎಷ್ಟು ಸಲ ದಡಾರ ಎದ್ದಿದೆ, ಎಷ್ಟು ಅಜ್ಜಿಯರು ತೀರಿಕೊಂಡಿದ್ದಾರೆ ಅಂತ ಕೇಳಿದರೆ ನಗು ಬರುತ್ತದೆ, ಆಮೇಲೆ ಸುಸ್ತಾಗುತ್ತದೆ. ದವಾಖಾನೆಯ ಡಾಕ್ಟರರು ಬೆನ್ನು ಒತ್ತಿ ನೋಡಿ ಏನಾದರೂ ಭಾರ ಎತ್ತಿದ್ದಿರಾ ಅಂತ ಕೇಳುತ್ತಾರೆ. ಎತ್ತಿದ್ದೇನೆ ಅನ್ನಿಸುತ್ತದೆ. ಹಸಿ ಹೆಂಚು, ನೀರಿನ ಕೊಡ, ಚಿಕ್ಕ ತಮ್ಮಂದಿರು, ಎಲ್ಲ. ಯಾವುದನ್ನು ಈ ಬೆನ್ನು ಎತ್ತಿತ್ತು ಅಂತ ಹೇಗೆ ಹೇಳಲಿ? ಒಂದು ವರ್ಷ ಹಬ್ಬದ ಮರುದಿನ ಬಾಳೆಹಣ್ಣು ತೆಂಗಿನಕಾಯಿ ಹಿಡಿದು, ಚಿಕ್ಕಂದಿನಲ್ಲಿ ಹಿತ್ತಾಳೆ ಬಟ್ಟಲಲ್ಲಿ ನನಗೆ ಮಾದಲಿ ತಿನ್ನಿಸಿದ ಅಜ್ಜಿಯನ್ನು ನೋಡಲು ನೇಕಾರರ ಓಣಿಗೆ ಹೋದೆ. ಮುದುಕಿ ಬಾಗಿಲು ತೆಗೆದು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಯಾವ ವರ್ಷದ ಕ್ಲಾಸು?" ಅಂತ ಕೇಳಿದಳು. ಹೇಳಿದೆ. ಒಳಗೆ ಕರೆದು ಚಹಾ ಮಾಡಿ ಕೊಟ್ಟಳು, ನಾನು ಅವಳ ಕೈ ಹಿಡಿದು ಅತ್ತೂ ಅತ್ತೆ. ಮನೆಗೆ ಬಂದು ಚಪ್ಪಲಿ ಬಿಚ್ಚುವಾಗ ನೆನಪಾಯಿತು, ನನ್ನ ಇಬ್ಬರು ಅಜ್ಜಿಯರೂ ನಾನು ಹುಟ್ಟುವ ಮೊದಲೇ ಹೋಗಿದ್ದರು.

ಅವ್ವನ ವಿಷಯ ಬೇರೆ, ಅದು ನಗುವ ವಿಷಯವಲ್ಲ. ಅವ್ವ ಹೋದಾಗ ನನಗೆ ಹನ್ನೊಂದು. ಹದಿನೈದು ದಿನದ ಮೇಲೆ ಶಾಲೆಗೆ ಹೋದೆ, ಪಾಳಿ ನನ್ನದೇ ಇತ್ತು, ಅದನ್ನೇ ಹೇಳಿದೆ. ಅವತ್ತು ಇಪ್ಪತ್ತೆಂಟು ಮಕ್ಕಳಿಗೆ ಅವ್ವ ತೀರಿಕೊಂಡಳು. ಮನೆಗೆ ಹೋಗಿ ತಮ್ಮ ತಮ್ಮ ಅವ್ವಂದಿರನ್ನು ಮುಟ್ಟಿ ನೋಡಿಕೊಂಡರಂತೆ. ನನಗೆ ಮುಟ್ಟಿ ನೋಡಲು ಯಾರೂ ಇರಲಿಲ್ಲ. ಆಮೇಲೆ ನಾನೇ ಅಕ್ಕೋರಾದೆ. ಸಾವಿರ ಮಕ್ಕಳ ಸಾವಿರ ಅವ್ವಂದಿರು ಒಬ್ಬೊಬ್ಬರಾಗಿ ಬಂದು ನನ್ನೊಳಗೆ ಕೂತರು. ಬೈಯುವವರು, ತಲೆ ಬಾಚುವವರು, ಹಾಡುವವರು. ಇವರಲ್ಲಿ ನನ್ನವಳು ಯಾರು ಅಂತ ಗೊತ್ತಾಗದ ಹಾಗೆ ಆಯಿತು. ಒಬ್ಬಳ ಮೇಲೆ ಮಾತ್ರ ನನಗೆ ಅನುಮಾನವಿತ್ತು. ಒಂದು ಮಧ್ಯಾಹ್ನ ಮಗಳ ತೊಡೆಯ ಮೇಲೆ ತಲೆಯಿಟ್ಟು ಮಲಗಿದ ಅವ್ವ. ಅವಳು ನನ್ನವಳಿರಬೇಕು ಅನ್ನಿಸುತ್ತಿತ್ತು. ಹೇಳಿ ನೋಡಿದರೆ ತಿಳಿಯುತ್ತಿತ್ತು, ಕೇಳಿದವರಿಗೆ ಬಂದರೆ ನನ್ನದು, ಬಾರದಿದ್ದರೆ ಯಾವುದೋ ವರ್ಷದ ಯಾರದೋ ಮಗುವಿನದು. ಹೇಳಲಿಲ್ಲ. ಬಾರದಿದ್ದರೆ ಅನ್ನುವ ಹೆದರಿಕೆ. ಗೊತ್ತಿಲ್ಲದೆ ಇಟ್ಟುಕೊಂಡಿರುವುದೇ ಲೇಸು ಅಂದುಕೊಂಡೆ.

ಮೇಲಾಗಿ ಅಕ್ಕೋರು ಮಣೆಯ ಮೇಲೆ ಕೂರುವಂತೆಯೇ ಇಲ್ಲ. ನನಗಿಂತ ಬಹಳ ಹಿಂದೆ ಒಬ್ಬ ಮಾಸ್ತರರು ತಡೆಯಲಾರದೆ ಕೂತು, ಹೆಂಡತಿ ಸತ್ತ ಸಂಗತಿ ಹೇಳಿಬಿಟ್ಟರಂತೆ. ಒಂದು ತಿಂಗಳು ಹತ್ತು ವರ್ಷದ ಹುಡುಗರು, ಹುಡುಗಿಯರು ಎಲ್ಲ ವಿಧುರರ ಹಾಗೆ ಗೋಡೆಗೊರಗಿ ಕೂತರಂತೆ, ಲಗೋರಿ ಆಡಲಿಲ್ಲವಂತೆ. ದೊಡ್ಡವರದ್ದು ಮಕ್ಕಳಿಗೆ ಹೊರಲಾಗದು ಅಂತ ಅವತ್ತಿನಿಂದ ಕಟ್ಟುನಿಟ್ಟು. ಮಾಸ್ತರರ ನೌಕರಿ ಹೋಯಿತು.

ಇನ್ನು ಫಕೀರವ್ವನ ವಿಷಯಕ್ಕೆ ಬರುತ್ತೇನೆ. ಅದು ನನ್ನ ಕೊನೆಯ ತರಗತಿ, ಮೂವತ್ತೆರಡು ಮಕ್ಕಳು. ಫಕೀರವ್ವ ಕಿಟಕಿಯ ಪಕ್ಕದ ಸಾಲಿನಲ್ಲಿ ಕೂರುತ್ತಿದ್ದ ಸಣಕಲು ಹುಡುಗಿ, ಅವ್ವ ಇಲ್ಲದೆ ಸೋದರತ್ತೆಯ ಮನೆಯಲ್ಲಿ ಬೆಳೆಯುತ್ತಿದ್ದಳು. ಅತ್ತೆ ಭಟ್ಟಿಯಲ್ಲಿ ಹೆಂಚು ಹೊರುವವಳು, ಮನೆಗೆ ಬಂದು ಕೈಗೆ ಸಿಕ್ಕಿದ್ದರಿಂದ ಹೊಡೆಯುವವಳು. ಇದು ಯಾರೋ ಹೇಳಿದ ಚಾಡಿಯಲ್ಲ, ನಮಗೆಲ್ಲ ಬಂದದ್ದು. ಫಕೀರವ್ವ ಪಾಳಿ ಬಂದಾಗಲೆಲ್ಲ ಜಿಪುಣತನ ಮಾಡದೆ ಹೇಳಿದ್ದಳು. ಒಲೆಯ ಊದುಗೊಳವೆಯಿಂದ ಬಿದ್ದ ಏಟು, ಹಿಟ್ಟಿಲ್ಲದ ಎರಡು ದಿನ, ಜ್ವರದಲ್ಲಿ ಒಬ್ಬಳೇ ಇದ್ದದ್ದು. ಅವಳು ಕೊಳವೆಯ ಏಟು ಹೇಳಿದ ದಿನ ವರ್ಗದ ಬಾಯಿಬಡುಕ ಅಲ್ತಾಫ ಊಟದ ಬಿಡುವಿನಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ಸುಮ್ಮನೆ ಕೂತಿದ್ದ. ಅವನ ಬೆನ್ನಿಗೆ ಅಲ್ಲಿಯವರೆಗೆ ಯಾರೂ ಹೊಡೆದಿರಲಿಲ್ಲ.

ಏಳನೆಯದರ ಕೊನೆಗೆ ಒಂದು ಕಟ್ಟಳೆ ಇದೆ, ಅದಕ್ಕೆ ಸಿಹಿ ಪಾಳಿ ಅನ್ನುತ್ತಾರೆ. ಮಕ್ಕಳು ಬರೀ ಗಾಯ ಹೊತ್ತುಕೊಂಡು ಹೋಗಬಾರದು ಅಂತ ಹಿರಿಯರು ಮಾಡಿದ್ದು. ಒಬ್ಬೊಬ್ಬರೂ ತಮಗಾದ ಒಂದು ಒಳ್ಳೆಯ ಸಂಗತಿ ಹೇಳಬೇಕು. ಹೇಳಿದರೆ ಸರ್ಟಿಫಿಕೇಟು, ಸರ್ಟಿಫಿಕೇಟಿದ್ದರೆ ಹೊಳೆಯಾಚೆಯ ಹೈಸ್ಕೂಲು. ಹೇಳದವರಿಗೆ ಭಟ್ಟಿ ಇದ್ದೇ ಇದೆ. ಆ ವರ್ಷ ಮೂವತ್ತೊಂದು ಮಕ್ಕಳು ಹೇಳಿದರು. ನಾವೆಲ್ಲ ಮಾವನ ಟ್ರ್ಯಾಕ್ಟರ್ ಹತ್ತಿದೆವು, ಮೇಕೆಮರಿ ಹುಟ್ಟಿದ್ದು ನೋಡಿದೆವು, ಹೊಸ ಲಂಗಕ್ಕೆ ಟೇಲರನ ಅಂಗಡಿಯಲ್ಲಿ ಅಳತೆ ಕೊಟ್ಟೆವು. ಫಕೀರವ್ವ ಮಾತ್ರ ನಾಳೆ, ನಾಡಿದ್ದು ಅನ್ನುತ್ತ ಬಂದಳು. ಕಡೆಗೆ ಒಂದು ದಿನ ಶಾಲೆ ಬಿಟ್ಟ ಮೇಲೆ ಅವಳನ್ನು ನಿಲ್ಲಿಸಿಕೊಂಡು ಕೇಳಿದೆ, ಒಳ್ಳೆಯದು ಏನೂ ಇಲ್ಲವೇ ಅಂತ.

"ಒಂದ ಐತ್ರಿ, ಅಕ್ಕೋರೇ."

ಹಾಗಾದರೆ ಅದನ್ನೇ ಹೇಳು ಅಂದೆ. ಹೇಳಿದರೆ ಹೋಗಿಬಿಡುವುದಿಲ್ಲ, ನಿನ್ನಲ್ಲೂ ಇರುತ್ತದೆ ಅಂತ ಸಮಾಧಾನ ಮಾಡಿದೆ. ಅವಳು ನೆಲ ನೋಡುತ್ತಿದ್ದವಳು ತಲೆ ಎತ್ತಿದಳು.

"ಅವರ ಕಡೆ ಬಾಳ ಅದಾವ್ರಿ. ಅವರ ರಾಶಿಯೊಳಗ ನಂದೊಂದು ಬಿದ್ರ ಅವರಿಗೆ ಗೊತ್ತೂ ಆಗಂಗಿಲ್ಲ. ನನ್ನ ಕಡೆ ಇರೂದು ಅದೊಂದ. ಏಟು ಬೇಕಾದಷ್ಟು ಕೊಟ್ಟೀನ್ರಿ, ಇನ್ನೂ ಬೇಕಂದ್ರ ಕೊಡ್ತೀನಿ. ಇದನ್ನ ಕೊಡಂಗಿಲ್ಲ."

ನಾನು ಹೊಳೆಯಾಚೆಯ ಹೈಸ್ಕೂಲಿನ ಮಾತೆತ್ತಿದೆ, ಭಟ್ಟಿಯ ಮಾತೆತ್ತಿದೆ. ಅವಳಿಗೆ ಗೊತ್ತಿತ್ತು. ಹೈಸ್ಕೂಲಿಗೆ ಹೋಗುವ ಆಸೆಯೂ ಇತ್ತು, ದೋಣಿಯಲ್ಲಿ ಕೂತು ಹೋಗಿ ಬರುವ ಅಕ್ಕಂದಿರನ್ನು ದಂಡೆಯಲ್ಲಿ ನಿಂತು ನೋಡುತ್ತಿದ್ದವಳು. ಕಣ್ಣಲ್ಲಿ ನೀರು ತುಂಬಿಕೊಂಡಿತು, ಆದರೂ ತಲೆ ಅಡ್ಡಡ್ಡ ಆಡಿಸಿದಳು. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಹೊಟ್ಟೆಕಿಚ್ಚಾಯಿತು ಅಂತ ನಿಜ ಹೇಳುತ್ತೇನೆ. ಹದಿಮೂರು ವರ್ಷದ ಈ ಹುಡುಗಿಗೆ ತನ್ನದು ಯಾವುದು ಅಂತ ಖಚಿತವಾಗಿ ಗೊತ್ತಿತ್ತು.

ಉಳಿದವರು ಹೇಳುವುದು ಹೇಗೋ ನಡೆದುಹೋಗುತ್ತದೆ, ಹಿಂದೆ ಬಿದ್ದವರನ್ನು ನೋಡಲು ಮಾತ್ರ ತಾಲೂಕಿನಿಂದ ತಪಾಸಣೆಯ ಸಾಹೇಬರು ಬರುತ್ತಾರೆ. ಆ ವರ್ಷ ಬಂದವರು ನೀಲಕಂಠ ಸಾಹೇಬರು, ನಿವೃತ್ತಿಗೆ ನನ್ನಷ್ಟೇ ಹತ್ತಿರವಿದ್ದವರು, ನನ್ನಷ್ಟೇ ದಣಿದವರು. ಜೇಬಿನಲ್ಲಿ ಹತ್ತಿಯ ಉಂಡೆ ಇಟ್ಟುಕೊಂಡೇ ಓಡಾಡುತ್ತಿದ್ದರು. ಮಗು ಹೇಳುವಾಗ ಸಾಹೇಬರು ಒಳಗೆ ಇರುವುದಿಲ್ಲ. ಹಿಂದೊಮ್ಮೆ ಬೇರೊಂದು ಶಾಲೆಯಲ್ಲಿ ಮರೆತು ಒಳಗೆ ಕೂತು, ಯಾರದೋ ಮಗುವಿನ ಕಾಮಣಿ ಬೇನೆಯನ್ನು ಮನೆಗೆ ಒಯ್ದು ಒಂದು ತಿಂಗಳು ಬಾಯಿಗೆ ಏನೂ ಸೇರದೆ ಒದ್ದಾಡಿದ್ದರಂತೆ. ಅಂದಿನಿಂದ ಅವರು ಕಿವಿಗೆ ಹತ್ತಿ ತುರುಕಿಕೊಂಡು ಮುಚ್ಚಿದ ಬಾಗಿಲಿಗೆ ಬೆನ್ನು ಮಾಡಿ ಪಡಸಾಲೆಯಲ್ಲಿ ನಿಲ್ಲುತ್ತಾರೆ. ಮುಗಿದ ಮೇಲೆ ಒಳಗೆ ಬಂದು ಒಬ್ಬಿಬ್ಬರನ್ನು ಬೇರೆ ಬೇರೆ ಕರೆದು ಕೇಳುತ್ತಾರೆ. ಕೈಯಲ್ಲಿ ಏನಿತ್ತು, ಬಿಸಿಲು ಯಾವ ಕಡೆಗಿತ್ತು, ಅಂಥವು. ಉತ್ತರ ಕೂಡಿಬಂದರೆ ಸಿಹಿ ಪಾಳಿ ಆದಂತೆ.

ಬೆಳಗ್ಗೆ ಹೆಡ್ಮಾಸ್ತರರು ನನ್ನನ್ನು ಪಕ್ಕಕ್ಕೆ ಕರೆದು, ಇದು ನಿಮ್ಮ ಕೊನೆಯ ತರಗತಿ, ಹೇಗಾದರೂ ಮಾಡಿ ಹುಡುಗಿಯ ಬಾಯಿ ಬಿಡಿಸಿ, ಹೆಸರು ಕೆಡಿಸಿಕೊಳ್ಳಬೇಡಿ ಅಂದರು. ಹೇಗೆ ಬಿಡಿಸಲಿ ಅಂತ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಸಾಹೇಬರು ಬಂದರು, ಹತ್ತಿ ಹಾಕಿಕೊಂಡರು, ಹೊರಗೆ ನಿಂತರು. ಬಾಗಿಲು ಮುಚ್ಚಿದೆ. ಫಕೀರವ್ವ ಬಂದು ಮಣೆಯ ಮೇಲೆ ಕೂತಳು. ಲಂಗದ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು, ಮತ್ತೆ ಸುತ್ತಿಕೊಂಡಳು. ಅವಳ ಬಾಯಿ ತೆರೆಯಿತು, ನಾನು ಅವಳ ಮುಖವನ್ನು ನೋಡಿದೆ. ಹೇಳಲು ಹೊರಟಿದ್ದಳು. ಹೈಸ್ಕೂಲಿಗಾಗಿ, ದೋಣಿಗಾಗಿ, ಇದ್ದ ಒಂದನ್ನೂ ತೆಗೆದು ನಮ್ಮ ರಾಶಿಗೆ ಹಾಕಲು ಹೊರಟಿದ್ದಳು. ಜ್ವರದ ದಿನ ಹೇಳುವಾಗಲೂ ಅವಳ ಮುಖ ಅಷ್ಟು ಬಿಳುಚಿರಲಿಲ್ಲ.

ನನ್ನ ಪಾಲಿಗೆ ಅದೂ ಬರುತ್ತಿತ್ತು, ನೋಡಿ. ಸಾವಿರದ ಮೇಲೆ ಇನ್ನೊಂದಾಗಿ ನನ್ನೊಳಗೆ ಬಿದ್ದು, ನಾಲ್ಕು ದಿನಕ್ಕೆ ಯಾರದು ಅಂತ ಮರೆತುಹೋಗುತ್ತಿತ್ತು. ಅದನ್ನು ನನ್ನಿಂದ ಸಹಿಸಲಾಗಲಿಲ್ಲ. ಎದ್ದು ಹೋಗಿ ಅವಳ ತೋಳು ಹಿಡಿದು ಮಣೆಯಿಂದ ಎಬ್ಬಿಸಿದೆ, ನಿನ್ನ ಜಾಗಕ್ಕೆ ಹೋಗು ಅಂದೆ. ಮಂಡಿ ಹಿಡಿದುಕೊಂಡು ನಾನೇ ಮಣೆಯ ಮೇಲೆ ಕೂತೆ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ವಿಧುರ ಮಾಸ್ತರರ ಕತೆ ಅವರಿಗೂ ಗೊತ್ತಿತ್ತು. ಹೆದರಬೇಡಿ, ಇದು ನನಗೆ ಎಂಟು ವರ್ಷವಿದ್ದಾಗಿನದು ಅಂದೆ. ನನ್ನದೇ ಅಂತ ಮಾತ್ರ ಹೇಳಲಾಗಲಿಲ್ಲ.

ಹೇಳಿದೆ. ಅವತ್ತು ಭಟ್ಟಿಯ ಗೋಡೆ ಬಿರುಕು ಬಿಟ್ಟು ಮಧ್ಯಾಹ್ನಕ್ಕೇ ಕೆಲಸ ನಿಂತಿತ್ತು. ಅವ್ವ ಹಗಲಿನಲ್ಲಿ ಮನೆಗೆ ಬಂದಳು, ಹಾಗೆ ಎಂದೂ ಬಂದವಳಲ್ಲ. ನಾನು ಹೊಸ್ತಿಲ ಮುಂದಿನ ಮೆಟ್ಟಿಲ ಮೇಲೆ ಕೂತು ಹುಣಸೆಯ ಚಿಗಳಿ ಚೀಪುತ್ತಿದ್ದೆ. ಕಾಲು ತೊಳೆದುಕೊಳ್ಳಬೇಕು ಅನ್ನುತ್ತ ಅವ್ವ ನನ್ನ ಪಕ್ಕ ಕೂತಳು. ಕೂತವಳು ಹಾಗೇ ವಾಲಿ ನನ್ನ ಬಲತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋದಳು. ಮೊಣಕೈಯಲ್ಲಿ ಜೇಡಿ ಒಣಗಿ ಬಿರಿದಿತ್ತು, ಕೂದಲಲ್ಲಿ ಹೊಗೆಯ ವಾಸನೆ. ಅವ್ವ ಮಲಗಿದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ, ನಾನು ಏಳುವ ಮೊದಲೇ ಎದ್ದಿರುತ್ತಿದ್ದಳು, ನಾನು ಮಲಗಿದ ಮೇಲೆ ಮಲಗುತ್ತಿದ್ದಳು. ಅಲುಗಾಡಬಾರದು ಅನ್ನಿಸಿತು. ಎಡಗೈಯಲ್ಲಿ ಚಿಗಳಿ ಕರಗಿ ಮೊಣಕೈವರೆಗೆ ಇಳಿಯಿತು, ಇರುವೆ ಬಂದವು, ಕೈ ಕೊಡವಲಿಲ್ಲ. ಬಳೆಗಾರ ಓಣಿಗೆ ಬಂದು ಕೂಗಲು ಬಾಯಿ ತೆರೆದ. ನಾನು ತುಟಿಯ ಮೇಲೆ ಬೆರಳಿಟ್ಟೆ. ಅವನು ಕೂಗನ್ನು ನುಂಗಿಕೊಂಡು ಮೆಲ್ಲಗೆ ದಾಟಿ ಹೋದ. ಬಿಸಿಲು ಎದುರುಮನೆಯ ಗೋಡೆ ಹತ್ತಿತು. ಕಾಲು ಮೊದಲು ನೋಯಿತು, ಆಮೇಲೆ ಜೋಮು ಹಿಡಿಯಿತು, ಆಮೇಲೆ ಕಾಲು ಇದೆಯೋ ಇಲ್ಲವೋ ಗೊತ್ತಾಗಲಿಲ್ಲ. ಅವ್ವ ಕಣ್ಣು ಬಿಟ್ಟು, ಬಿಸಿಲು ನೋಡಿ, ಯಾಕೆ ಎಬ್ಬಿಸಲಿಲ್ಲ ಅಂತ ಕೇಳಿದಳು. ನಾನು ಏಳಲು ಹೋಗಿ ಧೊಪ್ಪೆಂದು ಬಿದ್ದೆ. ಅವ್ವ ನಕ್ಕಳು. ನನ್ನ ಕಾಲು ಮಡಿಲಿಗೆಳೆದುಕೊಂಡು ತಿಕ್ಕಿದಳು, ತಿಕ್ಕುತ್ತ ಮತ್ತೆ ನಕ್ಕಳು. ಒಂದೇ ದಿನದಲ್ಲಿ ಎರಡು ಸಲ.

ಅಷ್ಟೇ. ಹೇಳಿ ಮುಗಿಸಿ ನೆಲ ನೋಡುತ್ತ ಕೂತೆ. ಮಕ್ಕಳ ಮುಖ ನೋಡಲು ಧೈರ್ಯ ಬರಲಿಲ್ಲ. ಆಕಳಿಕೆಯ ಸದ್ದಿಗೆ ಕಿವಿಯಾನಿಸಿ ಕಾದೆ. ಬಾರದೆ ಹೋದರೆ ಹುಡುಗಿಯ ಹೈಸ್ಕೂಲೂ ಹೋಯಿತು, ನನ್ನ ಅವ್ವನೂ ಹೋದಳು. ಹೊರಗೆ ಸಾಹೇಬರು ಕೆಮ್ಮಿದರು. ಆಗ ಮೂರನೇ ಸಾಲಿನಲ್ಲಿ ಬೆಂಚು ಕಿರುಗುಟ್ಟಿತು. ಅಲ್ತಾಫ ತನ್ನ ಬಲಗಾಲನ್ನು ಎರಡೂ ಕೈಯಿಂದ ಎತ್ತಿ ಹೊರಗೆ ಚಾಚುತ್ತಿದ್ದ, ಮುಖ ಕಿವುಚಿಕೊಂಡು. ಅವನ ಪಕ್ಕದವಳು ತೊಡೆ ತಿಕ್ಕಿಕೊಳ್ಳುತ್ತಿದ್ದಳು. ಹಿಂದಿನ ಸಾಲಿನವನು ಎಡಮೊಣಕೈಯಿಂದ ಇರುವೆ ಕೊಡವಿಕೊಂಡ. ಒಬ್ಬೊಬ್ಬರಾಗಿ ಮೂವತ್ತೆರಡು ಮಕ್ಕಳೂ ಬಲಗಾಲು ಚಾಚಿ ಉಜ್ಜಿಕೊಂಡರು. ಫಕೀರವ್ವನೂ.

ಬಂದಿತ್ತು. ಅಂದರೆ ನನ್ನದೇ ಆಗಿತ್ತು. ಐವತ್ತು ವರ್ಷ ನನ್ನದಾಗಿತ್ತು. ಅದು ನನಗೆ ತಿಳಿದ ಕ್ಷಣವೇ ನನ್ನೊಬ್ಬಳದಾಗಿ ಉಳಿಯಲಿಲ್ಲ. ಸಂತೋಷ, ಸಂಕಟ ಎರಡೂ ಒಟ್ಟಿಗೇ ಬಂದವು, ಎರಡಕ್ಕೂ ಅಳಲು ಪುರುಸೊತ್ತಿರಲಿಲ್ಲ. ಎದ್ದು ಬಾಗಿಲು ತೆಗೆದೆ.

ಸಾಹೇಬರು ಹತ್ತಿ ತೆಗೆದು ಜೇಬಿಗೆ ಹಾಕಿಕೊಂಡು ಒಳಗೆ ಬಂದರು. ಮೊದಲು ಫಕೀರವ್ವನನ್ನು ಪಡಸಾಲೆಗೆ ಕರೆದು ಕೇಳಿದರು. ಆಮೇಲೆ ವರ್ಗದ ಮೇಲೆ ಕಣ್ಣಾಡಿಸಿ, ಎಲ್ಲರನ್ನೂ ಬಿಟ್ಟು ಅಲ್ತಾಫನಿಗೆ ಬೆರಳು ತೋರಿಸಿದರು. ಅಲ್ತಾಫನ ಬಾಯಲ್ಲಿ ಒಂದು ಗುಟ್ಟು ಸಂಜೆಯವರೆಗೆ ನಿಂತದ್ದನ್ನು ಯಾರೂ ಕಂಡಿರಲಿಲ್ಲ. ಅವನು ಕುಂಟುತ್ತ ಮುಂದೆ ಬಂದ. ಕೈಯಲ್ಲಿ ಏನಿತ್ತು ಅಂದರು, ಚಿಗಳಿ ಅಂದ. ಯಾರು ದಾಟಿ ಹೋದರು ಅಂದರು, ಬಳೆಗಾರ ಅಂದ. ಯಾವ ಕಾಲು ಅಂದರು.

"ಬಲಗಾಲ್ರಿ ಸರ. ಇನ್ನೂ ಜೋಮು ಇಳದಿಲ್ರಿ."

ಸಾಹೇಬರು ಇನ್ನೇನು ಕಳಿಸಬೇಕು ಅನ್ನುವಾಗ ನನ್ನನ್ನೊಮ್ಮೆ, ಹುಡುಗಿಯನ್ನೊಮ್ಮೆ ನೋಡಿ, ಮಲಗಿದವಳು ಯಾರ ಅವ್ವ ಅಂತ ಕೇಳಿದರು. ಅಲ್ತಾಫನಿಗೆ ಗೊತ್ತಿತ್ತು. ನಾನು ಅವನೆದುರಿಗೇ ಕೂತು ಹೇಳಿದ್ದೆ. ಅವನು ನನ್ನ ಕಡೆ ನೋಡಲಿಲ್ಲ, ಫಕೀರವ್ವನ ಕಡೆ ನೋಡಿದ. ಬೆನ್ನು ನೆಟ್ಟಗೆ ಮಾಡಿಕೊಂಡ, ಆ ಕೊಳವೆಯ ದಿನ ಕೂತ ಹಾಗೆಯೇ.

"ಫಕೀರವ್ವನ ಅವ್ವ್ರಿ."

ಉಳಿದ ಮೂವತ್ತು ಮಕ್ಕಳಲ್ಲಿ ಒಬ್ಬರೂ ಕಿಸಕ್ಕೆನ್ನಲಿಲ್ಲ. ನಾನು ಮೂವತ್ತನಾಲ್ಕು ವರ್ಷದಲ್ಲಿ ಕಲಿಸಿದ್ದೇನೋ ಗೊತ್ತಿಲ್ಲ. ಅವರು ಫಕೀರವ್ವನಿಂದ ಕಲಿತದ್ದನ್ನು ಅವತ್ತು ನೋಡಿದೆ. ಸಾಹೇಬರು ರುಜು ಹಾಕಿದರು. ಅವರಿಗೆ ನಿಜ ತಿಳಿಯಿತೋ ಇಲ್ಲವೋ, ಹೊರಡುವಾಗ ಹತ್ತಿಯ ಉಂಡೆಯನ್ನು ಕೈಯಲ್ಲಿ ಹಿಚುಕುತ್ತ, ಚಿಗಳಿ ತಿಂದು ಎಷ್ಟು ವರ್ಷವಾಯಿತು ಅಂದರು, ಬಸ್ಸಿಗೆ ಹೊತ್ತಾಯಿತು ಅಂತ ಹೋದರು.

ಶಾಲೆ ಬಿಟ್ಟಿತು. ಮಕ್ಕಳು ಕುಂಟುತ್ತ ಕುಂಟುತ್ತ ಮನೆಗೆ ಹೋದರು. ಫಕೀರವ್ವ ಹಿಂದೆ ಉಳಿದಳು. ಥ್ಯಾಂಕ್ಸ್ ಗೀಂಕ್ಸ್ ಏನೂ ಹೇಳಲಿಲ್ಲ. ಮಣೆಯನ್ನು ಗೋಡೆಗೆ ಆನಿಸಿಟ್ಟು, ಕೇಳಲೋ ಬೇಡವೋ ಅಂತ ನಿಂತು, ಕಡೆಗೆ ಕೇಳಿದಳು.

"ಆಕಿ ನಿಮ್ಮ ಅವ್ವನೇನ್ರಿ?"

"ಹೌದು," ಅಂದೆ. "ನನ್ನ ಅವ್ವ."

ಆ ಎರಡು ಮಾತು ಹೇಳಿ ಎಷ್ಟು ವರ್ಷವಾಗಿತ್ತೋ. ಫಕೀರವ್ವ ತಲೆಯಾಡಿಸಿ, ಬಾಳ ದಣದಿದ್ಲು ಪಾಪ ಅಂದು ಹೊರಟುಹೋದಳು. ನಾನು ಖಾಲಿ ಬೆಂಚುಗಳ ನಡುವೆ ಸ್ವಲ್ಪ ಹೊತ್ತು ಕೂತಿದ್ದು, ಕೀಲಿ ಹಾಕಿ ಇಳಿದೆ.

ಭಟ್ಟಿಯವರ ಓಣಿಗೆ ತಿರುಗಿದಾಗ ಹೊತ್ತು ಇನ್ನೂ ಮುಳುಗಿರಲಿಲ್ಲ. ಕೆಲಸ ಬಿಟ್ಟು ಹೆಂಗಸರು ಆಗಷ್ಟೇ ಮನೆಗೆ ಮರಳಿದ್ದರು. ಮೊದಲ ಮನೆಯ ಮೆಟ್ಟಿಲ ಮೇಲೆ ನನ್ನ ವರ್ಗದ ಹುಡುಗಿ ಬಲಗಾಲು ಚಾಚಿಕೊಂಡು ಕೂತಿತ್ತು, ಅದರ ಅವ್ವ ಒಲೆ ಯಾರು ಹಚ್ಚುತ್ತಾರೆ, ನಿನಗೇನು ಹುಚ್ಚೇ ಅಂತ ಬೈಯುತ್ತಿದ್ದಳು. ಬೈಯುತ್ತಲೇ ಕೂತಳು. ಮುಂದಿನ ಮನೆಯಲ್ಲೂ ಒಬ್ಬ ಮಗ, ಅದರ ಮುಂದಿನದರಲ್ಲೂ. ಕೆಲವರು ನಕ್ಕು ಒಳಗೆ ಹೋದರು, ಕೆಲವರು ಮಗುವಿಗೆ ಜ್ವರವೇನೋ ಅಂತ ಹಣೆ ಮುಟ್ಟಿ ನೋಡಿದರು. ಅಲ್ತಾಫನ ಅಮ್ಮ ಜೈತೂನಬಿ ಮಾತ್ರ ಸೆರಗು ಮುಖಕ್ಕೆಳೆದುಕೊಂಡು ಅವನ ತೊಡೆಯ ಮೇಲೆ ಗಾಢ ನಿದ್ದೆಯಲ್ಲಿದ್ದಳು. ನಾನು ಏನೋ ಕೇಳಲು ಬಾಯಿ ತೆರೆದೆ. ಅಲ್ತಾಫ ತುಟಿಯ ಮೇಲೆ ಬೆರಳಿಟ್ಟ. ನಾನು ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ದಾಟಿದೆ.

ಓಣಿಯ ತುದಿಯ ಮನೆ ಫಕೀರವ್ವನದು. ಅವಳೂ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತಿದ್ದಳು. ಅತ್ತೆ ಬಂದು, ದಾರಿಗೆ ಅಡ್ಡ ಕೂತದ್ದಕ್ಕೆ ಅವಳ ತಲೆಗೆ ಮೊಟಕಿ, ದಾಟಿಕೊಂಡು ಒಳಗೆ ಹೋದದ್ದನ್ನು ನಾನೇ ದೂರದಿಂದ ನೋಡಿದೆ. ಎಲ್ಲರಿಗೂ ಆಗುವುದು ಎಲ್ಲರಿಗೂ ಆಗುವುದಿಲ್ಲ. ಹುಡುಗಿ ಕಾಲು ಮಡಚಿಕೊಳ್ಳಲಿಲ್ಲ. ಹಾಗೇ ಕೂತಿದ್ದಳು, ಯಾರನ್ನು ಕಾಯುತ್ತಿದ್ದೇನೆ ಅಂತ ಅವಳಿಗೇ ಗೊತ್ತಿದ್ದ ಹಾಗೆ ಕಾಣಲಿಲ್ಲ. ನಾನು ಎದುರಿಗೆ ನಿಂತೆ, ಚಪ್ಪಲಿ ಇನ್ನೂ ಕೈಯಲ್ಲೇ. ಅವಳು ನನ್ನ ಮುಖ ನೋಡಿದಳು, ಬಹಳ ಹೊತ್ತು ನೋಡಿದಳು. ಆಮೇಲೆ ಮೆಟ್ಟಿಲ ಮೇಲಿನ ಮಣ್ಣನ್ನು ಅಂಗೈಯಿಂದ ಸವರಿ, "ಬರ್ರಿ" ಅಂದಳು.

ಐವತ್ತೆಂಟು ವರ್ಷದ ಅಕ್ಕೋರು, ಬೀದಿಯಲ್ಲಿ, ಹತ್ತು ಮನೆಯವರ ಎದುರಿಗೆ. ನಾಚಿಕೆಪಡಲು ಕೂಡ ತ್ರಾಣವಿರಲಿಲ್ಲ. ಸ್ವಲ್ಪ ಹೊತ್ತು ಕೂತು ಹೋಗುತ್ತೇನೆ ಅಂದುಕೊಂಡು ಪಕ್ಕದಲ್ಲಿ ಕೂತೆ. ಆಮೇಲಿನದು ನೆನಪಿಲ್ಲ. ಸಾವಿರ ಮಕ್ಕಳಲ್ಲಿ ಒಂದೂ ನನ್ನ ನಿದ್ದೆಯೊಳಗೆ ಬರಲಿಲ್ಲ, ಅದೊಂದು ನೆನಪಿದೆ.

ಎಚ್ಚರವಾದಾಗ ಬಿಸಿಲು ಹೋಗಿ ಎದುರಿನ ಗೋಡೆ ಬೂದಿಯ ಬಣ್ಣಕ್ಕೆ ತಿರುಗಿತ್ತು. ನನ್ನ ಕೆನ್ನೆಯಡಿಯ ಸಣ್ಣ ತೊಡೆ ಒಂದಿಷ್ಟೂ ಅಲುಗದೆ ಮರಗಟ್ಟಿತ್ತು. ಗಡಬಡಿಸಿ ಎದ್ದೆ.

"ಯಾಕ ಎಬ್ಬಸಲಿಲ್ಲ?" ಅಂದೆ.

ಅಂದ ಮೇಲೆ ಅದು ಯಾರ ಮಾತು ಅಂತ ನನಗೆ ಹೊಳೆಯಿತು, ಅವಳಿಗೂ ಹೊಳೆಯಿತು. ಏಳಲು ಹೋಗಿ ವಾಲಿದಳು, ನಾನು ಹಿಡಿದುಕೊಂಡೆ. ಕಾಲನ್ನು ಮಡಿಲಿಗೆಳೆದುಕೊಂಡು ತಿಕ್ಕಿದೆ. ಅವಳು ಹಲ್ಲು ಕಚ್ಚಿಕೊಂಡು ನಕ್ಕಳು. ಒಳಗೆ ಅತ್ತೆ ಪಾತ್ರೆ ಕುಕ್ಕಿದ ಸದ್ದಾಯಿತು. ಫಕೀರವ್ವ ನನ್ನ ಕಿವಿಯ ಹತ್ತಿರಕ್ಕೆ ಬಗ್ಗಿದಳು.

"ಇದನ್ನ ಯಾರಿಗೂ ಹೇಳಬ್ಯಾಡ್ರಿ, ಅಕ್ಕೋರೇ. ನಾನೂ ಹೇಳಂಗಿಲ್ಲ."

ಅವಳು ಹೊಳೆ ದಾಟಿ ಓದಿದಳು, ಅಲ್ಲೂ ಮಣೆಯಿದೆ, ಅಲ್ಲೂ ಹೇಳಿಲ್ಲವಂತೆ. ನಾನೂ ಯಾರಿಗೂ ಹೇಳಿಲ್ಲ. ಬರೆದಿದ್ದೇನೆ, ಅಷ್ಟೇ.